ಬಿಸಿಲಿಗೆ ಅಡ್ಡ ನಿಂತ ಮಾರ್ಸೆಲಿನ್ ಬಾಯಿ

ಬೋಳಾರದ ಹೊಳೆಬದಿಯಿಂದ ಮೇಲಕ್ಕೆ ಹತ್ತುವ ಓಣಿಯೊಂದರಲ್ಲಿ ಹನ್ನೊಂದು ಮನೆಗಳೂ ಒಂಬತ್ತು ಬಾವಿಗಳೂ ಇದ್ದವು. ಮಳೆಗಾಲದಲ್ಲಿ ಒಂಬತ್ತರ ನೀರಿಗೂ ಒಂದೇ ರುಚಿ. ಶಿವರಾತ್ರಿ ಕಳೆದು ನೇತ್ರಾವತಿ ಸೊರಗಿ, ಭರತದ ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಗೆ ನುಗ್ಗತೊಡಗಿದರೆ ಎಂಟು ಬಾವಿಗಳು ಉಪ್ಪಾಗುತ್ತಿದ್ದವು. ಆ ನೀರಿನಲ್ಲಿ ಬೇಯಿಸಿದ ಗಂಜಿ ಬಾಯಿಗೆ ಇಡಲು ಆಗುತ್ತಿರಲಿಲ್ಲ. ಸಾಬೂನು ಎಷ್ಟು ಉಜ್ಜಿದರೂ ನೊರೆ ಇಲ್ಲ. ಓಣಿಯ ತುದಿಯಲ್ಲಿ ದಿಬ್ಬದ ಮೇಲಿದ್ದ ಒಂಬತ್ತನೆಯ ಬಾವಿ ಮಾತ್ರ ಮೊದಲ ಮಳೆ ಬೀಳುವವರೆಗೂ ಸಿಹಿಯಾಗಿರುತ್ತಿತ್ತು. ಅದು ಮಾರ್ಸೆಲಿನ್ ಬಾಯಿಯ ಬಾವಿ.

ಅದನ್ನು ತೋಡಿಸಿದವರು ಆಕೆಯ ಮಾವ. 1931ರಲ್ಲಿ ಮಾರ್ಸೆಲಿನ್ ಸೊಸೆಯಾಗಿ ಬಂದಾಗ ಬಾವಿಕಟ್ಟೆಯ ಗಾರೆ ಇನ್ನೂ ಹೊಸದಾಗಿತ್ತು. ಗಂಡ ಬೆನೆಡಿಕ್ಟ್ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಹದಿನೈದು ವರ್ಷ ಸಂಸಾರ ಮಾಡಿ ಟೈಫಾಯ್ಡ್ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಆಕೆ ಮತ್ತು ಅತ್ತೆ ಮಟಿಲ್ಡಾ. ಮಾರ್ಸೆಲಿನ್ ಹೊಲಿಗೆ ಯಂತ್ರ ತುಳಿದು ಶಾಲೆಯ ಹುಡುಗಿಯರ ನೀಲಿ ಲಂಗಗಳನ್ನೂ ಇಗರ್ಜಿಯ ಮಕ್ಕಳ ಬಿಳಿ ಫ್ರಾಕುಗಳನ್ನೂ ಹೊಲಿದು ಇಬ್ಬರ ಹೊಟ್ಟೆ ಹೊರೆದರು.

ಹೊಲಿಗೆಯಿಂದ ಊಟ ನಡೆಯಿತು, ಮರ್ಯಾದೆ ಬಂದದ್ದು ಬಾವಿಯಿಂದ. ಬೇಸಿಗೆಯ ಮೂರು ತಿಂಗಳು ಬೆಳಿಗ್ಗೆ ಆರರಿಂದ ಎಂಟರವರೆಗೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಆಕೆಯ ಅಂಗಳದಲ್ಲಿ ನಿಲ್ಲುತ್ತಿದ್ದರು. ಒಂದು ಮನೆಗೆ ಎರಡು ಕೊಡ. ಬಾವಿಯ ಹಗ್ಗವನ್ನು ಆಕೆ ಒಳಗೆ ಇಡುತ್ತಿದ್ದರು, ಆರು ಗಂಟೆಗೆ ತಾವೇ ತಂದು ರಾಟೆಗೆ ಹಾಕುತ್ತಿದ್ದರು, ಎಂಟಕ್ಕೆ ತಾವೇ ಬಿಚ್ಚಿ ಒಯ್ಯುತ್ತಿದ್ದರು. ಯಾರಿಗೂ ಇಲ್ಲ ಎಂದವರಲ್ಲ. ಓಣಿಯ ಕೆಳಗಿನ ಮನೆಯ ಆಸ್ಯಮ್ಮ, ಮೂರು ಮಕ್ಕಳ ಬ್ಯಾರಿ ಹೆಂಗಸು, “ಬಾಯಮ್ಮನ ಬಾವಿ ಇಲ್ಲದಿದ್ರೆ ನಾವೆಲ್ಲ ಒಣಗಿದ ಬಂಗುಡೆ ಆಗ್ತಿದ್ದೆವು” ಎಂದು ಪ್ರತಿವರ್ಷ ಹೇಳುತ್ತಿದ್ದಳು. ಆ ಮಾತು ಕೇಳಿದ ದಿನ ಮಾರ್ಸೆಲಿನ್ ಬಾಯಿಯ ಯಂತ್ರ ಸ್ವಲ್ಪ ಜೋರಾಗಿ ಓಡುತ್ತಿತ್ತು.

1957ರ ಕೊನೆಗೆ ಪಕ್ಕದ ಮನೆಗೆ ಹೊಸ ಬಾಡಿಗೆದಾರರು ಬಂದರು. ಸರ್ವೋತ್ತಮ ಶೆಟ್ಟಿ ಬಸ್ ಕಂಪನಿಯೊಂದರ ಶೆಡ್ಡಿನಲ್ಲಿ ಬ್ಯಾಟರಿ ನೋಡಿಕೊಳ್ಳುವ ಮೆಕ್ಯಾನಿಕ್. ಹೆಂಡತಿ ಗುಲಾಬಿ, ಇಪ್ಪತ್ತೆರಡರ ಹುಡುಗಿ, ಜಮೀನ್ದಾರರ ಗುತ್ತಿನ ಮನೆಯವಳು. ತವರಿನಲ್ಲಿ ಗದ್ದೆ, ತೋಟ, ಆಳುಕಾಳು ಎಲ್ಲ ಕಂಡಿದ್ದವಳು, ಇಲ್ಲಿ ಎರಡು ಕೋಣೆಯ ಮನೆಯಲ್ಲಿ ತಾನೇ ಸಗಣಿ ಸಾರಿಸುತ್ತಿದ್ದಳು. ಬಂದ ತಿಂಗಳಲ್ಲೇ ಬಸುರಿಯಾದಳು. ಕಾಲು ಬಾತುಕೊಂಡಿತು. ಡಾಕ್ಟರು ಉಪ್ಪು ಬಿಡಬೇಕು ಎಂದರು. ಉಪ್ಪು ಬಿಡುವುದಕ್ಕೆ ಅಡುಗೆಯೊಂದೇ ಸಾಲದು, ತಮ್ಮ ಬಾವಿಯ ಉಪ್ಪುನೀರನ್ನೂ ಬಿಡಬೇಕಾಗಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅವಳು ಎರಡು ಕೊಡ ಒಯ್ದಳು. ಮೆಟ್ಟಿಲಿನಲ್ಲಿ ಕಾಲು ಜಾರಿ ಒಂದು ಕೊಡ ಮಗುಚಿತು. ಎಂಟು ಗಂಟೆಗೆ ಐದು ನಿಮಿಷ ಇರುವಾಗ ಅವಳು ಮತ್ತೆ ಬಂದು, ಯಾರನ್ನೂ ಕೇಳದೆ ಹಗ್ಗ ಹಿಡಿದು ಕೊಡ ತುಂಬಿಸತೊಡಗಿದಳು. ಅಂಗಳದಲ್ಲಿ ಇನ್ನೂ ನಾಲ್ಕೈದು ಹೆಂಗಸರಿದ್ದರು.

ಮಾರ್ಸೆಲಿನ್ ಬಾಯಿ ಜಗಲಿಯಿಂದಲೇ ಕೇಳಿದರು: “ಎಂತ ಗುಲಾಬಿ, ಇದು ನಿನ್ನ ಗುತ್ತಿನ ಬಾವಿ ಅಂತ ಎಣಿಸಿದ್ದಿಯಾ?”

ಯಾರೋ ಕಿಸಕ್ಕೆಂದರು. ಗುಲಾಬಿ ತಿರುಗಿ ಕೂಡ ನೋಡಲಿಲ್ಲ. ತುಂಬಿದ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹೊರಟುಹೋದಳು. ಆ ಕೊಡ ದಿನವಿಡೀ ಅಲ್ಲೇ ಇತ್ತು. ಸಂಜೆ ಸರ್ವೋತ್ತಮ ಬಂದು, ನೀರನ್ನು ಅಲ್ಲೇ ಇದ್ದ ಬಾಳೆಗಿಡದ ಬುಡಕ್ಕೆ ಹೊಯ್ದು, ಖಾಲಿ ಕೊಡ ಒಯ್ದ. ಅಂದಿನಿಂದ ಗುಲಾಬಿ ಆ ಅಂಗಳಕ್ಕೆ ಕಾಲಿಡಲಿಲ್ಲ.

ಹತ್ತು ದಿನ ಕಳೆದ ಮೇಲೆ ಪಕ್ಕದ ಅಂಗಳದಿಂದ ಗರಗಸದ ಸದ್ದು ಬಂತು. ಕಂಪೌಂಡು ಗೋಡೆ ಎದೆಯ ಎತ್ತರಕ್ಕಿತ್ತು. ಬಟ್ಟೆ ಹರವುವ ನೆಪದಲ್ಲಿ ಮಾರ್ಸೆಲಿನ್ ಬಾಯಿ ನೋಡಿದರು. ಸರ್ವೋತ್ತಮ ಹಲಗೆಗಳನ್ನು ಸೇರಿಸಿ ಅಗಲವಾದ, ಆಳ ಕಡಿಮೆಯ ಪೆಟ್ಟಿಗೆಯೊಂದನ್ನು ಮಾಡಿದ್ದ. ಒಳಗೆ ತಗಡು ಹಾಸಿ ಕಪ್ಪು ಬಣ್ಣ ಬಳಿದಿದ್ದ. ಮೇಲೆ ಹಳೆಯ ಬಸ್ಸಿನ ಕಿಟಕಿಯ ಗಾಜನ್ನು ಒಂದು ಬದಿಗೆ ಇಳಿಜಾರಾಗಿ ಕೂರಿಸಿ ಸುತ್ತ ಪುಟ್ಟಿ ಮೆತ್ತುತ್ತಿದ್ದ. ಇಳಿಜಾರಿನ ತಗ್ಗಿನಲ್ಲಿ ಒಳಗಡೆ ನೀರು ಹಿಡಿಯಲು ತಗಡಿನ ಸಣ್ಣ ದೋಣಿ, ಅದರ ಬಾಯಿಗೆ ಒಂದು ರಬ್ಬರ್ ಕೊಳವೆ, ಕೊಳವೆಯ ಕೆಳಗೆ ಬಾಟಲಿ.

“ಇದೆಂತ ಶೆಟ್ರೇ, ಕೋಳಿಗೂಡಾ?” ಎಂದು ಕೇಳಿದರು.

“ಅಲ್ಲ ಬಾಯಮ್ಮ. ನೀರು ಮಾಡುವ ಪೆಟ್ಟಿಗೆ,” ಎಂದ ಸರ್ವೋತ್ತಮ. ಅವನಲ್ಲಿ ಸಿಟ್ಟಿರಲಿಲ್ಲ, ಮಾಡುತ್ತಿದ್ದ ಕೆಲಸದ ಉಮೇದು ಇತ್ತು. “ಬ್ಯಾಟರಿಗೆ ಹಾಕುವ ನೀರು ಉಂಟಲ್ಲ, ಅದರಲ್ಲಿ ಉಪ್ಪು ಇರಲೇಬಾರದು. ನಮ್ಮ ಫೋರ್‌ಮನ್ ಶೆಡ್ಡಿನ ಹಿಂದೆ ಇಂಥದ್ದೇ ಒಂದು ಇಟ್ಟಿದ್ದಾರೆ. ನಮ್ಮ ಬಾವಿಯ ಉಪ್ಪುನೀರು ಇದರೊಳಗೆ ಎರಡು ಬೆರಳಷ್ಟು ಹಾಕುವುದು. ಬಿಸಿಲಿಗೆ ಕಾದು ಆವಿ ಆಗ್ತದೆ. ಆವಿ ಗಾಜಿಗೆ ತಾಗಿ ಹನಿ ಆಗಿ ಕೆಳಗೆ ಜಾರ್ತದೆ. ಉಪ್ಪು ತಗಡಿನಲ್ಲೇ ಉಳೀತದೆ.”

“ದಿನಕ್ಕೆ ಎಷ್ಟು ಬರ್ತದೆ?”

“ಒಳ್ಳೆ ಬಿಸಿಲಿದ್ರೆ ಎರಡು ಬಾಟ್ಲಿ.”

ಮಾರ್ಸೆಲಿನ್ ಬಾಯಿ ಗಟ್ಟಿಯಾಗಿ ನಕ್ಕರು. ತಮ್ಮದು ಬೆಳಿಗ್ಗೆ ಇಪ್ಪತ್ತು ಕೊಡ ಕೊಟ್ಟು ಸಂಜೆಗೆ ಮತ್ತೆ ತುಂಬುವ ಬಾವಿ. ಒಳಗೆ ಹೋಗಿ ಅತ್ತೆಗೆ ಹೇಳಿದರು: “ಎರಡು ಬಾಟ್ಲಿಗೆ ಇಷ್ಟೆಲ್ಲ ಸರ್ಕಸ್ಸು, ಮಾಂಯ್!”

ಆದರೆ ಆ ಎರಡು ಬಾಟಲಿಯೇ ಗುಲಾಬಿಗೆ ಸಾಕಾಗಿತ್ತು. ಅವಳಿಗೆ ಕುಡಿಯುವುದಕ್ಕೆ ಅಷ್ಟೇ ಬೇಕಿತ್ತು. ನೀರು ಚಪ್ಪೆ ಎಂದು ಅವಳೇ ಹೇಳುತ್ತಿದ್ದಳು. ಹಾಗಾಗಿ ಮಣ್ಣಿನ ಹೂಜಿಯಲ್ಲಿ ಒಂದು ದಿನ ಇಟ್ಟು ಮಣ್ಣಿನ ಪರಿಮಳ ಬಂದ ಮೇಲೆ ಕುಡಿಯುತ್ತಿದ್ದಳು. ಮಿಕ್ಕ ಕೆಲಸವೆಲ್ಲ ಉಪ್ಪುನೀರಿನಲ್ಲೇ. ಮೇ ತಿಂಗಳಲ್ಲಿ ಸರ್ವೋತ್ತಮ ಎರಡನೇ ಪೆಟ್ಟಿಗೆ ಮಾಡಿದ. ಆಗಸ್ಟಿನಲ್ಲಿ ಹೆಣ್ಣುಮಗು ಹುಟ್ಟಿತು, ಆಶಾಲತಾ ಎಂದು ಹೆಸರಿಟ್ಟರು.

ಮಾರ್ಸೆಲಿನ್ ಬಾಯಿಗೆ ಮೊದಲ ಉರಿ ಹತ್ತಿದ್ದು ಮರುವರ್ಷದ ಬೇಸಿಗೆಯಲ್ಲಿ. ನೀರು ಸೇದುತ್ತಾ ಆಸ್ಯಮ್ಮ ಹೇಳಿದಳು: “ನಿನ್ನೆ ಗುಲಾಬಿ ಒಂದು ಗ್ಲಾಸು ಕೊಟ್ಟಳು ಬಾಯಮ್ಮ, ಬಿಸಿಲಿನ ನೀರು. ನನ್ನ ಸಣ್ಣವನಿಗೆ ಹೊಟ್ಟೆ ಸರಿ ಇರಲಿಲ್ಲ, ಅದನ್ನೇ ಕುಡಿಸಿದೆ. ಎಂತ ಚೊಕ್ಕ ನೀರು ಮಾರಾಯ್ರೇ, ಗ್ಲಾಸಿನಲ್ಲಿ ನೀರು ಉಂಟಾ ಇಲ್ಲವಾ ಅಂತ ಗೊತ್ತಾಗುವುದಿಲ್ಲ!”

ಹೇಳಿ, ಎರಡು ಕೊಡ ತುಂಬಿಸಿಕೊಂಡು ಹೋದಳು. ಆಸ್ಯಮ್ಮನಿಗೆ ಈಗಲೂ ಬೇಕಾಗಿದ್ದದ್ದು ಈ ಬಾವಿಯೇ. ಮಾರ್ಸೆಲಿನ್ ಬಾಯಿಗೆ ಅದು ಗೊತ್ತಿತ್ತು. ಆದರೂ ಆ ದಿನವಿಡೀ ಯಂತ್ರದ ಮುಂದೆ ಕೂತು ಅದೇ ಮಾತನ್ನು ಮೆಲುಕು ಹಾಕಿದರು. ‘ಚೊಕ್ಕ ನೀರು.’ ಇಪ್ಪತ್ತು ವರ್ಷ ತನ್ನ ಬಾವಿಯ ನೀರು ಕುಡಿದವಳು ಒಮ್ಮೆಯೂ ಆ ಮಾತು ಆಡಿರಲಿಲ್ಲ.

ಅದೇ ತಿಂಗಳು ಹುಡುಗಿಯರ ಹೈಸ್ಕೂಲೊಂದರ ವಿಜ್ಞಾನದ ಟೀಚರು ಇಪ್ಪತ್ತು ವಿದ್ಯಾರ್ಥಿನಿಯರನ್ನು ಸಾಲಾಗಿ ಕರೆದುಕೊಂಡು ಓಣಿ ಹತ್ತಿದರು. ಮಾರ್ಸೆಲಿನ್ ಬಾಯಿಯ ಗೇಟಿನ ಮುಂದೆ ನಿಂತು ಕೇಳಿದರು: “ಬಿಸಿಲಿನಲ್ಲಿ ನೀರು ಮಾಡುವವರ ಮನೆ ಇದೇಯಾ?”

“ಅಲ್ಲ. ಪಕ್ಕದ್ದು.”

ಹುಡುಗಿಯರೆಲ್ಲ ನೀಲಿ ಲಂಗ ತೊಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಲಂಗಗಳ ನೆರಿಗೆಯನ್ನು ಮಾರ್ಸೆಲಿನ್ ಬಾಯಿಯೇ ಹಿಡಿದಿದ್ದರು. ಕಿಟಕಿಯ ಹಿಂದೆ ನಿಂತು, ಆ ಲಂಗಗಳು ಪಕ್ಕದ ಅಂಗಳದಲ್ಲಿ ಪೆಟ್ಟಿಗೆಯ ಸುತ್ತ ಮಂಡಿಯೂರುವುದನ್ನು ನೋಡಿದರು. ಕಂಕುಳಲ್ಲಿ ಮಗು ಎತ್ತಿಕೊಂಡ ಗುಲಾಬಿ ಗಾಜಿನ ಒಳಗೆ ಕಟ್ಟಿದ ಹನಿಗಳನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಟೀಚರು ಅವಳ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ತನ್ನ ಬಾವಿಯನ್ನು ಯಾರೂ ಯಾವತ್ತೂ ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಕಂಕುಳಲ್ಲಿ ಆಡುವ ಮಗು, ಗಾಜಿನ ಪೆಟ್ಟಿಗೆ ಕಟ್ಟಿಕೊಡುವ ಗಂಡ, ಬರೆದುಕೊಳ್ಳುವ ಟೀಚರು ಎಲ್ಲವೂ ಒಬ್ಬಳಿಗೇ ಬಂದದ್ದು ಯಾವ ನ್ಯಾಯ ಎಂದು ಆಕೆಗೆ ಅನಿಸಿತು.

ಎರಡು ಅಂಗಳಗಳ ನಡುವೆ, ಮಾರ್ಸೆಲಿನ್ ಬಾಯಿಯ ಕಡೆ, ಗೋಡೆಗೆ ತಾಗಿ ಹಲಸಿನ ಜಾತಿಯ ಒಂದು ಜೀಗುಜ್ಜೆ ಮರವಿತ್ತು. ಮರದ ಕೊಂಬೆಗಳು ಪಕ್ಕದ ಮನೆಯ ಕಡೆಗೆ ಚಾಚುತ್ತಿದ್ದವು. ಕಾಯಿ ಬಿದ್ದು ಹಂಚು ಒಡೆಯುತ್ತದೆಂದು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಆ ಕೊಂಬೆಗಳನ್ನು ಕಡಿಸುವುದು ಮಾವನ ಕಾಲದಿಂದ ನಡೆದುಬಂದಿತ್ತು. 1959ರ ಮೇ ಕೊನೆಗೆ ಮರ ಹತ್ತುವವನು ಬಂದು ಕತ್ತಿ ಮಸೆಯುವಾಗ ಮಾರ್ಸೆಲಿನ್ ಬಾಯಿ ಹೇಳಿದರು: “ಆ ಕಡೆಯದ್ದು ಬೇಡ. ಕಾಯಿ ಅದರಲ್ಲೇ ಹೆಚ್ಚು ಬಿಡ್ತದೆ.”

ಮಾತು ಸುಳ್ಳಾಗಿರಲಿಲ್ಲ. ಕಾಯಿ ಆ ಕೊಂಬೆಗಳಲ್ಲಿ ನಿಜಕ್ಕೂ ಹೆಚ್ಚು ಬಿಡುತ್ತಿತ್ತು.

ಮಳೆಗಾಲದಲ್ಲಿ ಕೊಂಬೆಗಳು ಕೊಬ್ಬಿದವು. 1960ರ ಮಾರ್ಚಿಗೆ ಮೊರದಷ್ಟು ದೊಡ್ಡ ಎಲೆಗಳು ಗುಲಾಬಿಯ ಅಂಗಳದ ಮೇಲೆ ಚಪ್ಪರ ಹಾಕಿದ್ದವು. ಮಧ್ಯಾಹ್ನ ಹನ್ನೆರಡು ದಾಟುತ್ತಿದ್ದಂತೆ ನೆರಳು ಪೆಟ್ಟಿಗೆಗಳ ಮೇಲೆ ಬೀಳುತ್ತಿತ್ತು. ಹನಿ ನಿಲ್ಲುತ್ತಿತ್ತು. ಆಗ ಗುಲಾಬಿಯ ಅಂಗಳದಲ್ಲಿ ಮೂರು ಪೆಟ್ಟಿಗೆಗಳಿದ್ದವು, ಅವಳು ಎರಡನೆಯ ಬಾರಿ ಬಸುರಿಯಾಗಿದ್ದಳು, ಕಾಲು ಮತ್ತೆ ಬಾತುಕೊಂಡಿತ್ತು.

ಎರಡು ವರ್ಷದ ಮೇಲೆ ಮೊದಲ ಸಲ ಗುಲಾಬಿ ಗೋಡೆಯ ಹತ್ತಿರ ಬಂದು ಮಾತಾಡಿಸಿದಳು: “ಬಾಯಮ್ಮ, ಆ ಎರಡು ಕೊಂಬೆ ಕಡಿಸಿ ಕೊಡ್ತೀರಾ? ಆಳನ್ನು ನಾವೇ ಕರೆಸ್ತೇವೆ. ಬಿಸಿಲು ಬೀಳುವುದಿಲ್ಲ.”

“ಕಾಯಿ ಬಿಟ್ಟ ಕೊಂಬೆ ಕಡಿಯುವುದುಂಟಾ ಗುಲಾಬಿ? ನಮ್ಮ ಮಾವ ನೆಟ್ಟ ಮರ.”

“ಕಾಯಿ ಕೊಯ್ದ ಮೇಲೆ ಆದ್ರೂ?”

“ಆಗ ನೋಡುವ.”

ಕಾಯಿ ಕೊಯ್ಯುವ ಹೊತ್ತಿಗೆ ಮಳೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗುಲಾಬಿ ತಲೆಯಾಡಿಸಿ ಒಳಗೆ ಹೋದಳು. ಮರುದಿನದಿಂದ ಅವಳು ಪೆಟ್ಟಿಗೆಗಳನ್ನು ಬಿಸಿಲಿನ ಹಿಂದೆ ಸಾಗಿಸತೊಡಗಿದಳು. ಹನ್ನೆರಡಕ್ಕೆ ಬಾವಿಯ ಹತ್ತಿರ, ಎರಡಕ್ಕೆ ಗೇಟಿನ ಪಕ್ಕ, ಮೂರೂವರೆಗೆ ಓಣಿಯ ಅಂಚಿಗೆ. ಸರ್ವೋತ್ತಮ ಶೆಡ್ಡಿನಲ್ಲಿರುತ್ತಿದ್ದ. ಅವಳೊಬ್ಬಳೇ ಬಗ್ಗಿ, ಪೆಟ್ಟಿಗೆಯನ್ನು ಹೊಟ್ಟೆಗೆ ತಾಗದಂತೆ ತುಸು ದೂರ ಹಿಡಿದು, ಉಸಿರು ಬಿಗಿಹಿಡಿದು ಎತ್ತುತ್ತಿದ್ದಳು. ಎಷ್ಟು ಜಾಗ್ರತೆ ಮಾಡಿದರೂ ಒಳಗಿನ ಉಪ್ಪುನೀರು ತುಳುಕಿ ದೋಣಿಗೆ ಹಾರುತ್ತಿತ್ತು. ಆಗ ಆ ಹೊತ್ತಿನವರೆಗೆ ಸೇರಿದ ನೀರೆಲ್ಲ ಹಾಳು.

ಮಾರ್ಸೆಲಿನ್ ಬಾಯಿ ಯಂತ್ರವನ್ನು ಆ ಕಡೆಯ ಕಿಟಕಿಗೆ ಸರಿಸಿಕೊಂಡಿದ್ದರು. ಬೆಳಕು ಚೆನ್ನಾಗುಂಟು ಎಂದು ಅತ್ತೆಗೆ ಹೇಳಿದ್ದರು. ಗುಲಾಬಿ ಎಷ್ಟು ಸಲ ಎತ್ತಿದಳು, ಎಷ್ಟು ಸಲ ತುಳುಕಿತು, ಸಂಜೆ ಎಷ್ಟು ಬಾಟಲಿ ಒಳಗೆ ಹೋಯಿತು ಎಲ್ಲ ಆಕೆಗೆ ಬಾಯಿಪಾಠ. ಒಂದೂವರೆ ಬಾಟಲಿ ಎಂದು ಕಂಡ ದಿನ ಮನಸ್ಸಿಗೆ ತಂಪಾಗುತ್ತಿತ್ತು, ತಂಪಾದ ಮರುಗಳಿಗೆಗೆ ನಾಚಿಕೆಯಾಗುತ್ತಿತ್ತು, ಮರುದಿನ ಮತ್ತೆ ಎಣಿಸುತ್ತಿದ್ದರು. ಅದು ತಪಸ್ಸಿನ ಕಾಲ, ಈಸ್ಟರಿಗೆ ಮುಂಚಿನ ನಲವತ್ತು ದಿನ. ವಾರಕ್ಕೊಮ್ಮೆ ಇಗರ್ಜಿಗೆ ಹೋಗಿ ಪಾದ್ರಿಯ ಮುಂದೆ ಪಾಪನಿವೇದನೆ ಮಾಡುತ್ತಿದ್ದರು. ಅತ್ತೆಗೆ ಎದುರು ಮಾತಾಡಿದ್ದು, ಹೊಲಿದು ಕೊಡುವ ದಿನ ತಪ್ಪಿಸಿದ್ದು ಎಲ್ಲ ಹೇಳಿದರು. ಕೊಂಬೆಯ ಮಾತು ಎತ್ತಲಿಲ್ಲ. ಮರ ಕಡಿಯದೆ ಇರುವುದು ಎಲ್ಲಾದರೂ ಪಾಪವಾಗುತ್ತದೆಯೇ ಎಂದು ತಮಗೆ ತಾವೇ ವಾದಿಸಿಕೊಂಡರು.

ಗುಲಾಬಿಗೆ ಹೆರಿಗೆ ಸುಸೂತ್ರವಾಯಿತು. ಗಂಡುಮಗು. ಚಿತ್ತರಂಜನ ಎಂದು ಹೆಸರು. ಓಣಿಯವರೆಲ್ಲ ನೋಡಿಬಂದರು. ಮಟಿಲ್ಡಾ ಮುದುಕಿ ಕೂಡ ಕೋಲೂರಿಕೊಂಡು ಹೋಗಿಬಂದಳು. ಮಾರ್ಸೆಲಿನ್ ಬಾಯಿ ಕೂಸಿಗೆ ಒಂದು ಜಬಲ ಅಂಗಿ ಹೊಲಿದು ಅತ್ತೆಯ ಕೈಯಲ್ಲಿ ಕಳಿಸಿದರು, ತಾವು ಹೋಗಲಿಲ್ಲ.

ಆ ವರ್ಷದ ಕೊನೆಗೆ ಆಕೆಗೆ ಒಂದು ಯೋಚನೆ ಹೊಳೆಯಿತು. ಎರಡು ಕೊಡದ ಲೆಕ್ಕ ಇಟ್ಟದ್ದರಿಂದಲೇ ಜನರಿಗೆ ಬೇರೆ ನೀರಿನ ಹುಚ್ಚು ಹಿಡಿಯಿತು. ಬಾವಿಯನ್ನು ಇನ್ನೂ ಆಳ ಮಾಡಿಸಿ, ದಿನವಿಡೀ ಹಗ್ಗ ಹೊರಗೇ ಬಿಟ್ಟು, ಬೇಕಾದಷ್ಟು ಸೇದಿ ಎಂದುಬಿಟ್ಟರೆ? ಆಗ ಬಾಟಲಿ ಹಿಡಿದು ಬಿಸಿಲು ಕಾಯುವವಳನ್ನು ಯಾರು ಕೇಳುತ್ತಾರೆ?

1961ರ ಜನವರಿಯಲ್ಲಿ ಬಾವಿ ತೋಡುವ ಪೌಲ್ ಇಬ್ಬರು ಆಳುಗಳೊಂದಿಗೆ ಬಂದ. ಐವತ್ತು ದಾಟಿದ ಆತ ಆ ಕಡೆಯ ಅರ್ಧ ಬಾವಿಗಳಿಗೆ ಇಳಿದವನು. ಮೂರನೇ ದಿನ ಮೇಲೆ ಬಂದು ಕೆಸರು ಕೈಯಲ್ಲಿ ಒಂದು ಹಿಡಿ ಮಣ್ಣು ತೋರಿಸಿದ. ಬೂದು ಬಣ್ಣದ ಅಂಟು ಜೇಡಿ.

“ಮಾರ್ಸೆಲಿನ್ ಬಾಯಿ, ಇಲ್ಲಿಗೆ ನಿಲ್ಲಿಸುವ. ಕೆಂಪು ಮುರಕಲ್ಲು ಮುಗಿದು ಜೇಡಿ ಸಿಕ್ಕಿತು. ನಿಮ್ಮ ನೀರನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ಈ ಜೇಡಿಯೇ. ಇದರ ಕೆಳಗೆ ಹೊಯ್ಗೆ, ಹೊಳೆಯ ಮರಳು. ಹೊಯ್ಗೆ ಅಂದರೆ ಹೊಳೆ.”

“ನೀರು ಹೆಚ್ಚು ಬರ್ತದಾ ಇಲ್ಲವಾ?”

“ಬರ್ತದೆ. ಆದರೆ ಯಾವ ನೀರು ಬರ್ತದೆ ಅಂತ ನಾನು ಹೇಳಲಿಕ್ಕಿಲ್ಲ.”

“ಇನ್ನು ಎರಡು ಕೋಲು ಆಳ ತೋಡು ಪೌಲ್.”

“ಬಾಯಿ, ನಿಮ್ಮ ಮಾವ ಇಲ್ಲಿಗೆ ನಿಲ್ಲಿಸಿದ್ದು ಸುಮ್ಮನೆ ಅಲ್ಲ.”

“ಬಾವಿ ನನ್ನದು,” ಎಂದರು ಮಾರ್ಸೆಲಿನ್ ಬಾಯಿ.

ಪೌಲ್ ಇಳಿದ. ಸಂಜೆಯ ಹೊತ್ತಿಗೆ ಬುಡದಿಂದ ನೀರು ಬುಗ್ಗೆಯಾಗಿ ಎದ್ದು, ಆಳುಗಳು ಗುದ್ದಲಿ ಬಿಟ್ಟು ಹಗ್ಗ ಹಿಡಿದು ಹತ್ತಬೇಕಾಯಿತು. ಫೆಬ್ರವರಿ ಪೂರ್ತಿ ಮಾರ್ಸೆಲಿನ್ ಬಾಯಿಗೆ ಹಬ್ಬ. ಹಗ್ಗ ರಾಟೆಯ ಮೇಲೆಯೇ ಇರುತ್ತಿತ್ತು. ಬಂದವರಿಗೆಲ್ಲ “ಇನ್ನೊಂದು ಕೊಡ ಒಯ್ಯಿರಿ” ಎನ್ನುತ್ತಿದ್ದರು. ಆಸ್ಯಮ್ಮ ಆರು ಕೊಡ ಒಯ್ದು ಮಕ್ಕಳಿಗೆ ತಲೆಗೆ ಸ್ನಾನ ಮಾಡಿಸಿದಳು. ಗುಲಾಬಿಯ ಅಂಗಳದ ಕಡೆಗೆ ಕೇಳುವಂತೆ ರಾಟೆ ಕಿರ್‌ಗುಟ್ಟುತ್ತಿತ್ತು.

ಮಾರ್ಚ್ ಮಧ್ಯದ ಒಂದು ಬೆಳಿಗ್ಗೆ ಮಟಿಲ್ಡಾ ಕಾಫಿಯ ಮೊದಲ ಗುಟುಕನ್ನೇ ಉಗುಳಿದಳು.

“ಎಂತ ಹಾಕಿದ್ದಿ ಇದಕ್ಕೆ? ಸಕ್ಕರೆ ಅಂತ ಉಪ್ಪಾ?”

ಮಾರ್ಸೆಲಿನ್ ಬಾಯಿ ಬಾವಿಗೆ ಹೋಗಿ ಒಂದು ಕೊಡಪಾನ ಸೇದಿ ಬೊಗಸೆಯಲ್ಲಿ ಕುಡಿದರು. ಇನ್ನೊಮ್ಮೆ ಕುಡಿದರು. ನಂತರ ಹಗ್ಗ ಬಿಚ್ಚಿ ಒಳಗೆ ತಂದು ಮಂಚದ ಕೆಳಗೆ ತುರುಕಿದರು. ಬಂದವರಿಗೆ ರಾಟೆ ಮುರಿದಿದೆ ಎಂದರು.

ಎರಡು ವಾರ ಆಕೆ ಬೆಳಕು ಹರಿಯುವ ಮೊದಲೇ ಎದ್ದು, ಕೊಡದ ಮೇಲೆ ಬಟ್ಟೆ ಮುಚ್ಚಿಕೊಂಡು, ಜೆಪ್ಪುವಿನ ಗುಡ್ಡದ ಮೇಲಿನ ಗುರುತಿನವರ ಬಾವಿಯಿಂದ ನೀರು ಹೊತ್ತು ತಂದರು. ಐವತ್ತೊಂದರ ವಯಸ್ಸು, ಏರುದಾರಿ. ನಾಲ್ಕನೇ ದಿನವೇ ಸೊಂಟ ಹಿಡಿಯಿತು. ಆಮೇಲೆ ಅತ್ತೆಗೆ ಕುಡಿಯಲು ಮಾತ್ರ ಅರ್ಧ ಕೊಡ ತಂದು, ತಾವು ಉಪ್ಪುನೀರನ್ನೇ ಕುಡಿದರು. ಓಣಿಯಲ್ಲಿ ಎಲ್ಲರಿಗೂ ವಿಷಯ ತಿಳಿದಿತ್ತು. ರಾಟೆ ಮುರಿದದ್ದನ್ನು ಸರಿಮಾಡಿ ಕೊಡುತ್ತೇನೆಂದು ಒಬ್ಬರೂ ಮುಂದೆ ಬರದಿದ್ದಾಗ ಆಕೆಗೆ ಅದು ಅರ್ಥವಾಯಿತು. ಯಾರಾದರೂ ಆಡಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಯಾರೂ ಆಡಿಕೊಳ್ಳಲಿಲ್ಲ.

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಸೋಮವಾರ ಬೆಳಿಗ್ಗೆ ಕಂಪೌಂಡು ಗೋಡೆಯ ಮೇಲೆ ಎರಡು ಬಾಟಲಿಗಳಿದ್ದವು. ಬಾಯಿಗೆ ಚೊಕ್ಕವಾಗಿ ಬಾಳೆಲೆಯ ಚೂರು ಸುತ್ತಿ ಬಿಗಿದಿತ್ತು. ಗುಲಾಬಿ ಕಾಣಿಸಲಿಲ್ಲ. ಮಾರ್ಸೆಲಿನ್ ಬಾಯಿ ನೋಡಿಯೂ ನೋಡದಂತೆ ಒಳಗೆ ಬಂದು ಯಂತ್ರದ ಮುಂದೆ ಕೂತರು. ಬಾಟಲಿಗಳು ಮಧ್ಯಾಹ್ನದವರೆಗೆ ಅಲ್ಲೇ ನಿಂತವು.

“ಮಾರ್ಸೆಲಿನ್,” ಎಂದು ಮಟಿಲ್ಡಾ ಮಂಚದಿಂದ ಕರೆದಳು. “ಗೋಡೆ ಮೇಲೆ ಎಂತದು?”

“ಎಂತದೂ ಇಲ್ಲ ಮಾಂಯ್.”

“ನನ್ನ ಕಾಲು ಹೋಗಿದೆ, ಕಣ್ಣು ಹೋಗಲಿಲ್ಲ. ಹೋಗಿ ತಾ.”

“ಅವಳ ನೀರು ನಮಗೆ ಬೇಡ.”

“ನಿನಗೆ ಬೇಡದಿದ್ರೆ ಬಿಡು. ನನಗೆ ಎಪ್ಪತ್ತೆಂಟು ವರ್ಷ. ನಿನ್ನ ಹೊಟ್ಟೆಕಿಚ್ಚಿಗೆ ನಾನು ಯಾಕೆ ಬಾಯಾರಿ ಸಾಯಬೇಕು?”

ಹದಿನೈದು ವರ್ಷ ಒಂದೇ ಸೂರಿನಡಿ ಇಬ್ಬರೇ ಬದುಕಿದ್ದರೂ ಅತ್ತೆ ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಾರ್ಸೆಲಿನ್ ಬಾಯಿ ಎದ್ದು ಹೋಗಿ ಬಾಟಲಿಗಳನ್ನು ತಂದರು. ಬಿಸಿಲಿಗೆ ನೀರು ಬೆಚ್ಚಗಾಗಿತ್ತು. ಮಟಿಲ್ಡಾ ಒಂದು ಲೋಟ ಪೂರ್ತಿ ಕುಡಿದು, ತುಟಿ ಒರೆಸಿಕೊಂಡು, “ಚಪ್ಪೆ. ಆದ್ರೆ ನೀರು,” ಎಂದಳು. ಉಳಿದದ್ದನ್ನು ಸೊಸೆಯ ಕಡೆಗೆ ತಳ್ಳಿದಳು. ಮಾರ್ಸೆಲಿನ್ ಬಾಯಿ ಕುಡಿಯುವಾಗ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಸೊಸೆ ಅಳುವುದು ತನಗೆ ಕಾಣಬಾರದೆಂದು ಹಾಗೆ ಮಾಡಿರಬೇಕು.

ಮಂಗಳವಾರ ಬೆಳಿಗ್ಗೆ ಮರ ಹತ್ತುವವನು ಬಂದ. ಕೊಂಬೆಗಳಲ್ಲಿ ಕಾಯಿ ತುಂಬಿದ್ದವು. “ಮಳೆಯವರೆಗೆ ಬಿಟ್ಟರೆ ಇನ್ನೂ ಬೆಳೀತದೆ ಬಾಯಮ್ಮ,” ಎಂದ.

“ಕಡಿ.”

ಮೊದಲ ಕೊಂಬೆ ಬಿದ್ದ ಸದ್ದಿಗೆ ಗುಲಾಬಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿಬಂದಳು. ಎರಡನೆಯದೂ ಬಿತ್ತು. ಅವಳ ಅಂಗಳದಲ್ಲಿ ಒಮ್ಮೆಲೇ ಬಿಸಿಲು ಹರಡಿ ಮಗು ಕಣ್ಣು ಮುಚ್ಚಿಕೊಂಡಿತು. ಇಬ್ಬರು ಹೆಂಗಸರು ಗೋಡೆಯ ಎರಡು ಬದಿಗೆ ನಿಂತರು.

“ಗುಲಾಬಿ,” ಎಂದರು ಮಾರ್ಸೆಲಿನ್ ಬಾಯಿ. ಮುಂದೆ ಏನು ಹೇಳಬೇಕೆಂದು ಸಿದ್ಧ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. “ನೀನು ಹೋದ ವರ್ಷ ಪೆಟ್ಟಿಗೆ ಎತ್ತುತ್ತಿದ್ದಿಯಲ್ಲ. ನಾನು ಕಿಟಕಿಯಿಂದ ಎಣಿಸ್ತಾ ಇದ್ದೆ.”

“ನನಗೆ ಗೊತ್ತುಂಟು ಬಾಯಮ್ಮ. ಯಂತ್ರದ ಸದ್ದು ನಿಲ್ತಿತ್ತು.”

“ಮತ್ತೆ ನೀನು ನೀರು ಯಾಕೆ ಕೊಟ್ಟದ್ದು?”

ಗುಲಾಬಿ ಮಗುವಿನ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. “ಮಟಿಲ್ಡಾ ಬಾಯಿಯವರಿಗೆ ಅಂತ ಇಟ್ಟದ್ದು. ಅವರು ನನ್ನ ಮಗುವನ್ನು ನೋಡಲಿಕ್ಕೆ ಕೋಲೂರಿಕೊಂಡು ಬಂದಿದ್ರು. ನಿಮಗೆ ಅಂತ ಅಲ್ಲ. ಸುಳ್ಳು ಯಾಕೆ ಹೇಳಬೇಕು? ಹೊಟ್ಟೆಯಲ್ಲಿ ಮಗುವನ್ನು ಇಟ್ಟುಕೊಂಡು ಆ ಪೆಟ್ಟಿಗೆ ಎತ್ತುವಾಗ ನಾನು ನಿಮಗೆ ದಿನಾ ಶಾಪ ಹಾಕಿದ್ದೇನೆ. ಬಾವಿ ಉಪ್ಪಾದದ್ದು ಕೇಳಿ ಮೊದಲು ಖುಷಿ ಆಯ್ತು. ಆಮೇಲೆ ಹೆದರಿಕೆ ಆಯ್ತು, ನನ್ನ ಶಾಪವೇ ತಾಗಿತಾ ಅಂತ.”

“ನಿನ್ನ ಶಾಪ ಅಲ್ಲ. ನಾನೇ ತೋಡಿಸಿದ್ದು. ಪೌಲ್ ಬೇಡ ಅಂದಿದ್ದ.”

“ಯಾಕೆ ತೋಡಿಸಿದ್ದು?”

“ನಿನ್ನ ಎರಡು ಬಾಟ್ಲಿಗೆ,” ಎಂದರು ಮಾರ್ಸೆಲಿನ್ ಬಾಯಿ.

ಗುಲಾಬಿಗೆ ಅದು ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ನಗಲಿಲ್ಲ, ಸಮಾಧಾನದ ಮಾತನ್ನೂ ಹೇಳಲಿಲ್ಲ. ಬಿದ್ದ ಕೊಂಬೆಯಿಂದ ಎರಡು ಕಾಯಿ ಕಿತ್ತುಕೊಂಡು, “ಇದು ನಾನು ಒಯ್ತೇನೆ” ಎಂದು ಒಳಗೆ ಹೋದಳು. ಸಂಜೆ ಆ ಕಾಯಿಯ ಪೋಡಿ ಕರಿದು ಒಂದು ತಟ್ಟೆ ಗೋಡೆಯ ಮೇಲಿಟ್ಟಳು. ಈ ಸಲ ತಟ್ಟೆ ಕಾಯಬೇಕಾಗಲಿಲ್ಲ. ಆ ವಾರದ ಗುಡ್ ಫ್ರೈಡೆಯ ಮೊದಲು ಮಾರ್ಸೆಲಿನ್ ಬಾಯಿ ಮತ್ತೊಮ್ಮೆ ಪಾಪನಿವೇದನೆಗೆ ಹೋಗಿ, ಹಿಂದಿನ ವರ್ಷ ಬಿಟ್ಟಿದ್ದನ್ನೂ ಸೇರಿಸಿ ಹೇಳಿ ಬಂದರು.

ಈಸ್ಟರ್ ಕಳೆದ ಮೇಲೆ ಸರ್ವೋತ್ತಮ ಶೆಡ್ಡಿನಿಂದ ಇನ್ನೊಂದು ಗಾಜು ತಂದು ಮಾರ್ಸೆಲಿನ್ ಬಾಯಿಯ ಅಂಗಳದಲ್ಲೂ ಒಂದು ಪೆಟ್ಟಿಗೆ ಮಾಡಿಕೊಟ್ಟ. ಬೆಳಿಗ್ಗೆ ಎಷ್ಟು ನೀರು ಹಾಕಬೇಕು, ವಾರಕ್ಕೊಮ್ಮೆ ತಗಡಿನ ಉಪ್ಪಿನ ಪೊರೆಯನ್ನು ಹೇಗೆ ತೊಳೆಯಬೇಕು, ಪುಟ್ಟಿ ಬಿರುಕು ಬಿಟ್ಟರೆ ಆವಿ ಹೇಗೆ ಹೊರಗೆ ಹೋಗುತ್ತದೆ ಎಂದು ಗುಲಾಬಿ ತೋರಿಸಿಕೊಟ್ಟಳು. ಹಾಗೆಂದು ಹೊಟ್ಟೆಯುರಿ ಒಮ್ಮೆಲೇ ಆರಿಹೋಯಿತೆನ್ನಲಾಗದು. ತನ್ನ ಪೆಟ್ಟಿಗೆಯಿಂದ ಎರಡು ಬಾಟಲಿಗೆ ನಾಲ್ಕು ಬೆರಳು ಕಡಿಮೆ ಬರುತ್ತದೆ, ಗುಲಾಬಿಯದ್ದರಲ್ಲಿ ತುಂಬುತ್ತದೆ ಎಂಬುದು ಆಕೆಯನ್ನು ಒಂದು ವಾರ ತಿಂದಿತು. ಕೊನೆಗೆ ತಡೆಯಲಾರದೆ ಗೋಡೆಯ ಹತ್ತಿರ ಹೋಗಿ ಕೇಳಿದರು: “ನನಗೆ ಕಡಿಮೆ ಬರುವ ಗಾಜು ಕೊಟ್ಟಿದ್ದಾ ನಿನ್ನ ಗಂಡ?”

“ನಿಮ್ಮ ಗಾಜಿನ ಇಳಿಜಾರು ಕಡಿಮೆ ಆಗಿದೆ ಬಾಯಮ್ಮ. ಹನಿ ದೋಣಿಗೆ ಬರುವ ಮೊದಲೇ ವಾಪಸು ಬೀಳ್ತದೆ. ಹಿಂದಿನ ಬದಿಯ ಅಡಿಗೆ ಒಂದು ಹಂಚಿನ ಚೂರು ಕೊಡಿ.”

ಕೊಟ್ಟರು. ಎರಡು ಬಾಟಲಿ ತುಂಬಿತು. ಆ ಸಂಜೆ ಬಾಟಲಿಗಳನ್ನು ಗೋಡೆಯ ಮೇಲೆ ಗುಲಾಬಿಯ ಬಾಟಲಿಗಳ ಪಕ್ಕ ಇಟ್ಟು ಸರಿದೂಗಿಸಿ ನೋಡಿದರು. ಗುಲಾಬಿಗೆ ಅದು ಕಂಡಿತು.

ಮಟಿಲ್ಡಾ ಇನ್ನೂ ಎರಡು ಬೇಸಿಗೆ ಆ ನೀರು ಕುಡಿದಳು, ಕುಡಿದಾಗಲೆಲ್ಲ ಚಪ್ಪೆ ಎಂದು ಬೈದಳು, 1963ರ ಮಳೆಗಾಲದಲ್ಲಿ ಮಲಗಿದಲ್ಲೇ ಹೋದಳು. ಪೌಲ್ ಬಾವಿಯ ಬುಡಕ್ಕೆ ಬುಟ್ಟಿಗಟ್ಟಲೆ ಜೇಡಿ ಹಾಕಿ ತುಳಿದು ಮುಚ್ಚಲು ನೋಡಿದ. ಸ್ವಲ್ಪ ಗುಣವಾಯಿತು, ಏಪ್ರಿಲಿನವರೆಗೆ ತಡೆಯುವಷ್ಟು. ಮೊದಲಿನ ಸಿಹಿ ಮತ್ತೆ ಬರಲಿಲ್ಲ. 1966ರಲ್ಲಿ ಸರ್ವೋತ್ತಮನಿಗೆ ಫೋರ್‌ಮನ್ ಕೆಲಸವಾಗಿ ಅವರು ಕದ್ರಿಯ ಕಡೆಗೆ ಮನೆ ಮಾಡಿದರು. ಹೋಗುವಾಗ ಗುಲಾಬಿ ಮೂರೂ ಪೆಟ್ಟಿಗೆಗಳನ್ನು ಮಾರ್ಸೆಲಿನ್ ಬಾಯಿಗೆ ಬಿಟ್ಟುಹೋದಳು. ಅಲ್ಲಿಯ ಬಾವಿಯ ನೀರು ಮೇ ತಿಂಗಳಲ್ಲೂ ಸಿಹಿ ಎಂದು ಕೇಳಿದಾಗ ಮಾರ್ಸೆಲಿನ್ ಬಾಯಿಗೆ ಚುರ್ರೆಂದಿತು. “ನಿನ್ನ ಹಣೆಬರಹ ಒಳ್ಳೇದುಂಟು ಬಿಡು” ಎಂದುಬಿಟ್ಟರು. ನಂತರ ಮೂಗು ಒರೆಸಿಕೊಂಡು ಮಕ್ಕಳಿಬ್ಬರಿಗೂ ಹೊಲಿದಿಟ್ಟಿದ್ದ ಬಟ್ಟೆ ಕೊಟ್ಟರು.

ಅದರ ಮರುವರ್ಷ ಓಣಿಯ ಬಾಯಿಗೆ ನಳ್ಳಿ ಬಂತು. ದಿನಕ್ಕೆ ಒಂದು ಗಂಟೆ ನೀರು ಬಿಡುತ್ತಿದ್ದರು. ಅಷ್ಟರಿಂದ ಓಣಿಯ ಬೇಸಿಗೆಯ ಬವಣೆ ಮುಗಿಯಿತು. ಮಾರ್ಸೆಲಿನ್ ಬಾಯಿ ಎಲ್ಲರಂತೆ ಕೊಡ ಹಿಡಿದು ಸಾಲಿನಲ್ಲಿ ನಿಂತರು. ಆದರೂ ನಾಲ್ಕು ಪೆಟ್ಟಿಗೆಗಳಿಗೆ ಬೆಳಿಗ್ಗೆ ನೀರು ಹಾಕುವುದನ್ನು ಬಿಡಲಿಲ್ಲ.

1968ರ ಏಪ್ರಿಲಿನಲ್ಲಿ ಆಸ್ಯಮ್ಮನ ಮಗಳು ಹೆರಿಗೆಗೆ ತವರಿಗೆ ಬಂದಳು. ಅವಳ ಕಾಲು ಬಾತಿದೆ ಎಂದು ನಳ್ಳಿಯ ಸಾಲಿನಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಆ ಸಂಜೆ ಮಾರ್ಸೆಲಿನ್ ಬಾಯಿ ಎರಡು ಬಾಟಲಿ ಹಿಡಿದು ಓಣಿ ಇಳಿದು ಆಸ್ಯಮ್ಮನ ಬಾಗಿಲಿನಲ್ಲಿ ನಿಂತರು.

“ಈಗ ನಳ್ಳಿ ಉಂಟಲ್ಲ ಬಾಯಮ್ಮ,” ಎಂದಳು ಆಸ್ಯಮ್ಮ.

“ಉಂಟು. ಇರಲಿ, ಇಟ್ಟುಕೊ. ಒಂದು ದಿನ ಹೂಜಿಯಲ್ಲಿಟ್ಟು ಕೊಡು, ಇಲ್ಲದಿದ್ರೆ ಚಪ್ಪೆ.”

ಆಸ್ಯಮ್ಮ ಬಾಟಲಿ ತೆಗೆದುಕೊಂಡು, ಕೂತು ಹೋಗಿ ಎಂದು ಚಾಪೆ ಹಾಸಿದಳು. ಮಾರ್ಸೆಲಿನ್ ಬಾಯಿ ಚಪ್ಪಲಿ ಕಳಚಿ ಒಳಗೆ ಹೋದರು.